ಅಕ್ಕನ ಉಸಿರು, ನನ್ನ ಸಹಿ

ಪ್ರತಿ ಪರೀಕ್ಷೆ ಮುಗಿದ ಮೇಲೆ ಮಕ್ಕಳ ಕೈಗೆ ಪ್ರಗತಿ ಪತ್ರ ಕೊಟ್ಟು, "ನಾಳೆ ಅಪ್ಪನದೋ ಅಮ್ಮನದೋ ಸಹಿ ಹಾಕಿಸಿಕೊಂಡು ಬನ್ನಿ" ಎಂದು ಕಳಿಸುವುದು ನಮ್ಮ ಶಾಲೆಯ ಪದ್ಧತಿ. ಮಾರನೆಯ ದಿನ ಬಂದ ನಲವತ್ತು ಸಹಿಗಳಲ್ಲಿ ಎರಡೋ ಮೂರೋ ಮಕ್ಕಳೇ ಹಾಕಿಕೊಂಡವು ಇದ್ದೇ ಇರುತ್ತವೆ. ಪತ್ತೆ ಹಚ್ಚುವುದು ಕಷ್ಟವೇನಲ್ಲ. ದೊಡ್ಡವರು ಸಹಿಯನ್ನು ಗೀಚುತ್ತಾರೆ, ಮಕ್ಕಳು ಅದನ್ನು ಕಾಪಿ ಪುಸ್ತಕದಲ್ಲಿ ಬರೆದಂತೆ ಬರೆಯುತ್ತಾರೆ. ಒಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬ ಸಿಕ್ಕಿಬಿದ್ದಾಗ, "ಅಪ್ಪ ಲಾರಿ ಮೇಲೆ ಹೋಗಿದ್ದಾರೆ ಮಿಸ್. ಇದ್ದಿದ್ರೆ ಅವರೇ ಹಾಕ್ತಿದ್ರು" ಎಂದ. "ಇದ್ದಿದ್ರೆ ಹಾಕ್ತಿದ್ರು ಅಂತ ನೀನು ಹಾಕಬಹುದೇನೋ?" ಎಂದು ಗದರಿಸಿ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಆ ಹುಡುಗನ ಮುಖ 2018ರ ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪೆನ್ನು ಹಿಡಿದು ನಿಂತಾಗ, ಯಾಕೋ ಕಣ್ಣ ಮುಂದೆ ಬಂತು.

ಸಹಿ ಹಾಕಬೇಕಾಗಿದ್ದು ನನ್ನ ಅಕ್ಕನ ಪರವಾಗಿ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ತಿಪಟೂರಿನ ಹತ್ತಿರ ತೆಂಗಿನ ತೋಟ, ಹಳೆಯ ಮನೆ. ಭಾವ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಒಬ್ಬನೇ ಮಗ, ಮಸ್ಕತ್‌ನಲ್ಲಿ ಕೆಲಸ. ನಮ್ಮ ಬಳಗದಲ್ಲಿ ಯಾರ ಮನೆಯ ಮದುವೆಯಾದರೂ ಹಸೆಗೆ ಕರೆಯುವ ಹಾಡಿಗೆ ಅಕ್ಕನೇ ಆಗಬೇಕು. ಕೊಬ್ಬರಿ ವ್ಯಾಪಾರಿಯ ಜೊತೆ ಅವಳು ಚೌಕಾಸಿಗೆ ನಿಂತರೆ ಬೀದಿಯ ಆ ತುದಿಯವರಿಗೂ ಆ ದಿನದ ಧಾರಣೆ ಗೊತ್ತಾಗುತ್ತಿತ್ತು.

ಅಂಥವಳಿಗೆ ಆ ವರ್ಷ ಆಷಾಢದಲ್ಲಿ ಎರಡು ದಿನ ಭೇದಿಯಾಯಿತು. ಮಜ್ಜಿಗೆ, ಗಂಜಿ ಕುಡಿದು ಸುಧಾರಿಸಿಕೊಂಡಳು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಸಿಲು ದಾಟುವಾಗ ಕಾಲು ಮೇಲೇಳಲಿಲ್ಲ. ಸಂಜೆಗೆ ಕುಳಿತಲ್ಲಿಂದ ಏಳಲಾಗಲಿಲ್ಲ. ಮಾರನೆಯ ದಿನ ಕೈಯಲ್ಲಿ ಕಾಫಿ ಲೋಟ ನಿಲ್ಲಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮಾತು ತೊದಲುತ್ತಿತ್ತು. ಅದರ ಮರುದಿನ ಉಸಿರಾಡುವ ಶಕ್ತಿಯೇ ಕುಂದಿ, ಬಾಯಿಯೊಳಗೆ ನಳಿಕೆ ಇಳಿಸಿ ವೆಂಟಿಲೇಟರ್‌ಗೆ ಜೋಡಿಸಿದರು.

ಕಾಯಿಲೆಯ ಹೆಸರು ಗಿಲನ್ ಬಾರೆ ಸಿಂಡ್ರೋಮ್. ಆಗ ನಮಗೆ ಯಾರಿಗೂ ಕೇಳಿದ ಹೆಸರಲ್ಲ. 2025ರ ಆರಂಭದಲ್ಲಿ ಪುಣೆಯಲ್ಲಿ ಒಮ್ಮೆಗೇ ಹಲವರಿಗೆ ಬಂದಾಗ ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಯಾವುದೋ ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ಶಕ್ತಿ, ಸೋಂಕು ಹೋದ ಮೇಲೂ ಸುಮ್ಮನಿರದೆ ತನ್ನದೇ ನರಗಳ ಮೇಲೆ ಬೀಳುತ್ತದೆ. ಕಾಲಿನಿಂದ ಮೇಲಕ್ಕೆ ಬಲಹೀನತೆ ಏರುತ್ತದೆ. ಎದೆಯ ಸ್ನಾಯುಗಳಿಗೂ ಬಂದರೆ ಉಸಿರು ನಿಲ್ಲುತ್ತದೆ. ಸಮಾಧಾನದ ಸಂಗತಿಯೆಂದರೆ ಬಹಳಷ್ಟು ಮಂದಿ ತಿಂಗಳುಗಟ್ಟಲೆ ಕಾದರೆ ಚೇತರಿಸಿಕೊಳ್ಳುತ್ತಾರೆ. ಇನ್ನೊಂದು ಸಂಗತಿ ಸಮಾಧಾನದ್ದೋ ಅಲ್ಲವೋ ಹೇಳಲಾರೆ: ಇದರಲ್ಲಿ ಬುದ್ಧಿಗೆ ಏನೂ ಆಗುವುದಿಲ್ಲ. ಕಿವಿ ಕೇಳಿಸುತ್ತದೆ, ಎಲ್ಲವೂ ಅರ್ಥವಾಗುತ್ತದೆ. ಬೆರಳು ಆಡಿಸಲು ಮಾತ್ರ ಆಗುವುದಿಲ್ಲ. ಅಕ್ಕನಿಗೆ ಕಣ್ಣುಗುಡ್ಡೆ ಆಡುತ್ತಿತ್ತು, ರೆಪ್ಪೆ ನಿಧಾನವಾಗಿ ಮುಚ್ಚಿ ತೆರೆಯುತ್ತಿತ್ತು, ಅಷ್ಟೇ.

ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಅರಿವಳಿಕೆಯ ಡಾಕ್ಟರು ನನ್ನನ್ನು ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ. ಬಾಯಿಯೊಳಗಿನ ನಳಿಕೆಗೆ ಎರಡು ವಾರವಾಯಿತು, ಇನ್ನೂ ಎಷ್ಟು ವಾರ ಯಂತ್ರ ಬೇಕೋ ಹೇಳಲಾಗುವುದಿಲ್ಲ, ಹಾಗೇ ಬಿಟ್ಟರೆ ಧ್ವನಿಪೆಟ್ಟಿಗೆ ಹಾಳಾಗಬಹುದು, ಬಾಯಿ ಸ್ವಚ್ಛ ಮಾಡುವುದೂ ಕಷ್ಟ, ಆದ್ದರಿಂದ ಕತ್ತಿನ ಮುಂಭಾಗದಲ್ಲಿ ಸಣ್ಣ ರಂಧ್ರ ಮಾಡಿ ಶ್ವಾಸನಾಳಕ್ಕೆ ನೇರವಾಗಿ ನಳಿಕೆ ಇಡೋಣ ಎಂದರು. ಅದಕ್ಕೆ ಟ್ರೆಕಿಯಾಸ್ಟಮಿ ಎನ್ನುತ್ತಾರೆ.

"ಅಷ್ಟು ಹೊತ್ತು ಉಸಿರು?" ಎಂದೆ. ಅದೊಂದೇ ನನಗೆ ತೋಚಿದ್ದು.

ಅವರು ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದವಳಾದ ನಾನು ಹೇಳುತ್ತೇನೆ, ಒಳ್ಳೆಯ ಚಿತ್ರ. ಬಾಯಿಯಿಂದ ಇಳಿದ ನಳಿಕೆಯ ತುದಿಯ ಹತ್ತಿರ ಒಂದು ಪುಟ್ಟ ಬಲೂನು ಇರುತ್ತದೆ. ಅದು ಶ್ವಾಸನಾಳವನ್ನು ಒಳಗಿನಿಂದ ಒತ್ತಿ ಹಿಡಿದು, ಯಂತ್ರ ಕಳಿಸಿದ ಗಾಳಿ ಬಾಯಿಯ ಕಡೆಗೆ ಸೋರದಂತೆ ತಡೆಯುತ್ತದೆ. ಕತ್ತಿನಲ್ಲಿ ಸೂಜಿ ಚುಚ್ಚಬೇಕಾದ ಜಾಗವೂ ಅದರ ಆಸುಪಾಸಿನಲ್ಲೇ. ಹಾಗಾಗಿ ಬಲೂನಿನ ಗಾಳಿ ತೆಗೆದು ನಳಿಕೆಯನ್ನು ಧ್ವನಿತಂತುಗಳ ಹತ್ತಿರದವರೆಗೆ ಮೇಲಕ್ಕೆ ಎಳೆದುಕೊಳ್ಳಬೇಕು. ಎಳೆದದ್ದು ಕಡಿಮೆಯಾದರೆ ಸೂಜಿ ಬಲೂನಿಗೆ ತಾಗೀತು, ಹೆಚ್ಚಾದರೆ ನಳಿಕೆಯೇ ಹೊರಗೆ ಬಂದೀತು. ಆ ಹೊತ್ತಿನಲ್ಲಿ ಗಾಳಿ ಒಂದಿಷ್ಟು ಸೋರುತ್ತದೆ. ಒಳಗೆ ನೋಡುವ ದುರ್ಬೀನನ್ನು ಅದೇ ನಳಿಕೆಯಲ್ಲಿ ಇಳಿಸಿದರೆ ಗಾಳಿಗೆ ದಾರಿ ಇನ್ನೂ ಕಿರಿದು. ಅದಕ್ಕೇ ಮೊದಲು ಕೆಲವು ನಿಮಿಷ ಪೂರಾ ಆಮ್ಲಜನಕವನ್ನೇ ಕೊಟ್ಟು ದೇಹದಲ್ಲಿ ಕೂಡಿಟ್ಟುಕೊಳ್ಳುತ್ತಾರಂತೆ, ನೀರು ನಿಲ್ಲುವ ದಿನ ನಾವು ಕೊಡಗಳನ್ನೆಲ್ಲ ತುಂಬಿಟ್ಟುಕೊಂಡ ಹಾಗೆ. ಈ ಹೋಲಿಕೆ ನನ್ನದು, ಡಾಕ್ಟರದಲ್ಲ.

"ಕತ್ತಿನ ಹತ್ತಿರ ಒಬ್ಬರು, ತಲೆಯ ಹತ್ತಿರ ಒಬ್ಬರು. ನಾನು ತಲೆಯ ಹತ್ತಿರ. ಕತ್ತಿನಲ್ಲಿ ಏನಾಗುತ್ತಿದೆ ಅನ್ನೋದು ನನ್ನ ಕೆಲಸವಲ್ಲ. ಉಸಿರು ನನ್ನ ಕೆಲಸ" ಎಂದರು. ಪರದೆಯ ಮೇಲೆ ಆಮ್ಲಜನಕದ ಅಂಕಿ ಕಾಣುತ್ತದೆ. ಆದರೆ ಆ ಅಂಕಿ ತಡವಾಗಿ ಇಳಿಯುತ್ತದೆ, ಅದು ಇಳಿಯುವ ಹೊತ್ತಿಗೆ ತೊಂದರೆ ಆಗಲೇ ಶುರುವಾಗಿರುತ್ತದೆ. ಅದರ ಜೊತೆಗೆ ಇನ್ನೊಂದು ಅಲೆ ಮೂಡುತ್ತಿರುತ್ತದೆ, ಹೊರಗೆ ಬಿಟ್ಟ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡಿನದು. ಹೊಸ ನಳಿಕೆ ಕೂತ ಮೇಲೆ ಅದರ ಮೂಲಕ ಆ ಅಲೆ ಬಂದರೆ ಮಾತ್ರ ದಾರಿ ಸರಿಯಾಗಿದೆ ಎಂದು ಅರ್ಥ. ಅಲ್ಲಿಯವರೆಗೆ ಹಳೆಯ ನಳಿಕೆಯನ್ನು ಪೂರಾ ತೆಗೆಯುವುದಿಲ್ಲ. "ಅಲೆ ಕಾಣೋವರೆಗೆ ನಾನು ಕೈ ಬಿಡಲ್ಲ ಮೇಡಂ" ಎಂದರು.

ಆ ಮಾತು ಕೇಳಿ ನನಗೆ ಧೈರ್ಯ ಬಂತು. ಆಮೇಲೆ ಅವರು ಇನ್ನೊಂದು ಮಾತು ಕೇಳಿದರು. "ಅವರಿಗೆ ಎಚ್ಚರ ಇದೆ. ಹೇಳಿದ್ದೀರಾ?"

ನಾವು ನಿಂತಿದ್ದು ಅಕ್ಕನ ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ. ನಾನು ದನಿ ತಗ್ಗಿಸಿ, "ಅವಳಿಗೆ ಏನೂ ಹೇಳಬೇಡಿ ಡಾಕ್ಟ್ರೇ, ಹೆದರ್ತಾಳೆ" ಎಂದೆ. ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿದರು. ಏನೋ ಹೇಳಬೇಕೆಂದುಕೊಂಡವರು ಹೇಳಲಿಲ್ಲ. ನನ್ನ ನರೆತ ತಲೆ, ಮೇಷ್ಟರ ಗತ್ತು ಎರಡೂ ಸೇರಿ ಅವರ ಬಾಯಿ ಕಟ್ಟಿರಬೇಕು. ಮಗನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ನೀವು ಹೇಗೆ ಹೇಳ್ತೀರೋ ಹಾಗೆ" ಎಂದು ಅತ್ತ. "ಒಂದೆರಡು ದಿನದಲ್ಲಿ ಮಾಡೋಣ, ಅವಸರವೇನಿಲ್ಲ" ಎಂದು ಡಾಕ್ಟರು ಹೇಳಿದ್ದರೂ, ಒಮ್ಮೆ ಮುಗಿದರೆ ಸಾಕೆಂದು ಆಗಲೇ ಸಹಿ ಹಾಕಿಬಿಟ್ಟೆ. ಕಾಗದದ ಕೆಳಗೆ ಒಂದು ಗೆರೆ ಇತ್ತು: ರೋಗಿಯೊಂದಿಗೆ ಸಂಬಂಧ. ತಂಗಿ ಎಂದು ಬರೆದೆ.

ಮಾರನೆಯ ದಿನ ಮಂಗಳವಾರ. ಒಳಗೆ ಹೋಗಿ ಅಕ್ಕನ ಹಣೆಗೆ ಕುಂಕುಮ ಇಟ್ಟೆ. ಅವಳ ಕಣ್ಣು ನನ್ನ ಮುಖದ ಮೇಲಿಂದ ಅಲುಗಲಿಲ್ಲ. ನಾನು ಬೇರೆ ಕಡೆ ನೋಡುತ್ತ, ತೋಟದಲ್ಲಿ ಕಾಯಿ ಕೆಡವಿಸಿದ್ದಾರೆ, ಎಮ್ಮೆ ಕರು ಹಾಕಿದೆ ಎಂದು ಏನೇನೋ ಹೇಳಿದೆ. ಡಾಕ್ಟರು ಬಂದು ಅವಳ ಕಿವಿಯ ಹತ್ತಿರ ಬಗ್ಗಿ, "ಸ್ವಲ್ಪ ನಿದ್ದೆ ಬರಿಸ್ತೀವಿ ಅಮ್ಮ, ನೋವಾಗಲ್ಲ" ಎಂದರು. ನನ್ನನ್ನು ಹೊರಗೆ ಕಳಿಸಿದರು.

ಹೊರಗಿನ ಕುರ್ಚಿಯಲ್ಲಿ ಕೂತು ಒಂದು ಹುಚ್ಚು ಕೆಲಸ ಮಾಡಿದೆ. ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಹತ್ತಿರ ಅಕ್ಕ ನಾನು ಉಸಿರು ಹಿಡಿಯುವ ಪಂದ್ಯ ಕಟ್ಟುತ್ತಿದ್ದೆವು, ಯಾವಾಗಲೂ ಅವಳೇ ಗೆಲ್ಲುತ್ತಿದ್ದಳು. ಗೋಡೆಯ ಗಡಿಯಾರ ನೋಡುತ್ತ ಉಸಿರು ಹಿಡಿದೆ. ನಲವತ್ತು ಸೆಕೆಂಡಿಗೆ ಕಣ್ಣು ಕತ್ತಲೆ ಬಂತು. ಅರ್ಧ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು, ಎಲ್ಲ ಸರಿಯಾಗಿದೆ, ಆಮ್ಲಜನಕ ಒಂದು ಸಲವೂ ಕೆಳಗೆ ಇಳಿಯಲಿಲ್ಲ ಎಂದರು. ಬಾಗಿಲಲ್ಲೇ ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಕತ್ತಿನ ನಳಿಕೆಯಿಂದ ಅನುಕೂಲವೇನೋ ಆಯಿತು. ತುಟಿ ಹಲ್ಲು ಮತ್ತೆ ಕಂಡವು, ಮುಖ ಅಕ್ಕನ ಮುಖವಾಯಿತು. ಆದರೆ ಮಾತಿಲ್ಲ. ಗಾಳಿ ಧ್ವನಿಪೆಟ್ಟಿಗೆಯ ಕೆಳಗಿನಿಂದಲೇ ಹೋಗಿ ಬರುವಾಗ ದನಿ ಎಲ್ಲಿಂದ ಬರಬೇಕು? ನಮ್ಮ ಕನ್ನಡದಲ್ಲಿ ಉಸಿರು ಮತ್ತು ಮಾತು ಬೇರೆ ಬೇರೆಯಲ್ಲ. ಮಾತಾಡಬೇಡ ಎನ್ನಲು ಉಸಿರೆತ್ತಬೇಡ ಎನ್ನುತ್ತೇವೆ. ಈ ಬಳಕೆಯನ್ನು ಎಷ್ಟು ಸಲ ಪಾಠ ಮಾಡಿದ್ದೇನೋ, ಉಸಿರಿದ್ದೂ ಮಾತಿಲ್ಲದವಳನ್ನು ನೋಡುವವರೆಗೆ ಅದರ ಮೇಲೆ ನಿಗಾ ಬಿದ್ದಿರಲಿಲ್ಲ.

ಎರಡು ದಿನ ಬಿಟ್ಟು ಶಾಲೆಯಿಂದ ವರ್ಣಮಾಲೆಯ ಪಟ ತೆಗೆದುಕೊಂಡು ಹೋದೆ. ನಮ್ಮ ಅಕ್ಷರಗಳನ್ನು ಜೋಡಿಸಿದವರಿಗೆ ಕೈ ಮುಗಿಯಬೇಕು. ಸ್ವರವಾ? ಕ ವರ್ಗವಾ? ಚ ವರ್ಗವಾ? ಎಂದು ಸಾಲು ಸಾಲಾಗಿ ಕೇಳುವುದು, ಹೌದಾದಲ್ಲಿ ಅಕ್ಕ ಗಟ್ಟಿಯಾಗಿ ಕಣ್ಣು ಮುಚ್ಚುವುದು, ಆಮೇಲೆ ಆ ಸಾಲಿನೊಳಗೆ ಒಂದೊಂದೇ ಅಕ್ಷರ. ಮೊದಲ ದಿನ ಪ ವರ್ಗದಲ್ಲಿ ಮೂರನೆಯದು, ಸ್ವರದಲ್ಲಿ ಎ, ತ ವರ್ಗದಲ್ಲಿ ಕೊನೆಯದು ಬಂದವು. "ಬೆನ್ನಾ? ಬೆನ್ನು ತುರಿಸ್ತಿದೆಯಾ?" ಎಂದೆ. ಅವಳ ಕಣ್ಣಿನ ಅಂಚಿನಲ್ಲಿ ನೀರು ಇಳಿಯಿತು. ಎರಡು ವಾರ ಬೆನ್ನು ತುರಿಸುತ್ತಿತ್ತಂತೆ. ಕಣ್ಣು ಮುಚ್ಚಿ ತೆರೆದು ಹೌದು ಅಲ್ಲ ಹೇಳಬಲ್ಲವಳನ್ನು ಆ ಎರಡು ವಾರ ನಾವು ಯಾರೂ ಏನೂ ಕೇಳಿರಲಿಲ್ಲ. ಬರೀ ಹೇಳುತ್ತಿದ್ದೆವು.

ಆಗ ನನಗೆ ಇರಿಸುಮುರಿಸು ಶುರುವಾಯಿತು. ಅದೇ ಗುಂಗಿನಲ್ಲಿ ಈ ವೆಂಟಿಲೇಟರಿನ ಹಿಂದುಮುಂದು ಓದತೊಡಗಿದೆ. ಅಲ್ಲಿ ಸಿಕ್ಕಿದ್ದು 1952ರ ಡೆನ್ಮಾರ್ಕ್. ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಎದ್ದು, ಬ್ಲೆಗ್ಡಮ್ ಆಸ್ಪತ್ರೆಗೆ ಉಸಿರಾಡಲಾರದ ಮಕ್ಕಳು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಅಲ್ಲಿದ್ದ ಯಂತ್ರಗಳು ಬೆರಳೆಣಿಕೆಯಷ್ಟು. ಮೊದಲ ಮೂರು ವಾರಗಳಲ್ಲಿ ಅಂಥ 31 ಮಂದಿಯಲ್ಲಿ 27 ಮಂದಿ ಸತ್ತರು. ಮುಖ್ಯ ವೈದ್ಯ ಲಾಸೆನ್ ಅವರು ಬಿಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞನನ್ನು ಕರೆಸಿದರು. ಆಪರೇಷನ್ ಕೋಣೆಯಲ್ಲಿ ಮಾಡುವಂತೆ ಶ್ವಾಸನಾಳಕ್ಕೆ ನಳಿಕೆ ಇಟ್ಟು, ರಬ್ಬರಿನ ಚೀಲ ಒತ್ತಿ ಕೈಯಿಂದಲೇ ಗಾಳಿ ಕೊಡಬಹುದು ಎಂದು ಆತನ ವಾದ. ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಮೇಲೆ ಅದನ್ನು ತೋರಿಸಲು ಹೊರಟರು.

ಆ ಹುಡುಗಿಗೆ ಅರಿವಳಿಕೆಯನ್ನು ಕತ್ತಿನ ಜಾಗಕ್ಕೆ ಮಾತ್ರ ಕೊಟ್ಟು ರಂಧ್ರ ಮಾಡಿದರು. ನಳಿಕೆ ಕೂತಿತು, ಗಾಳಿ ಮಾತ್ರ ಒಳಗೆ ಹೋಗದು. ಅವಳ ಶ್ವಾಸನಾಳಗಳು ಬಿಗಿದುಕೊಂಡಿದ್ದವು, ಅವಳು ಒದ್ದಾಡುತ್ತಿದ್ದಳು. ಸುತ್ತ ನಿಂತಿದ್ದ ವೈದ್ಯರಲ್ಲಿ ಕೆಲವರು ಇನ್ನು ಆಗದೆಂದು ಹೊರಟೇ ಹೋದರಂತೆ. ಇಬ್ಸೆನ್ ಕೊನೆಗೆ ಒಂದು ಅಪಾಯದ ಕೆಲಸ ಮಾಡಿದ. ಮಂಪರು ತರುವ ಔಷಧ ಚುಚ್ಚಿ ಅವಳ ಒದ್ದಾಟವನ್ನೂ ಅವಳದೇ ಆಗಿದ್ದ ಅಲ್ಪಸ್ವಲ್ಪ ಉಸಿರನ್ನೂ ನಿಲ್ಲಿಸಿದ. ಆಗ ಚೀಲದ ಗಾಳಿ ಒಳಗೆ ಹೋಯಿತು. ಹುಡುಗಿ ಬದುಕಿದಳು. ಆಮೇಲೆ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು, ತಿಂಗಳುಗಟ್ಟಲೆ ಹಗಲೂ ರಾತ್ರಿ ಮಕ್ಕಳ ಪಕ್ಕದಲ್ಲಿ ಕೂತು ಚೀಲ ಒತ್ತಿದರು. ಒಂದು ಹಂತದಲ್ಲಿ ಒಟ್ಟಿಗೇ 70 ಮಂದಿ ಹೀಗೆ ಇನ್ನೊಬ್ಬರ ಕೈಯ ಮೇಲೆ ಉಸಿರಾಡುತ್ತಿದ್ದರು. ನೂರಕ್ಕೆ 87ರಷ್ಟಿದ್ದ ಸಾವು ನೂರಕ್ಕೆ 25ರ ಆಸುಪಾಸಿಗೆ ಇಳಿಯಿತು. ಇಂದಿನ ತೀವ್ರ ನಿಗಾ ಘಟಕ ಹುಟ್ಟಿದ್ದು ಅಲ್ಲಿ ಎನ್ನುತ್ತಾರೆ.

ಇದನ್ನು ಓದಿದಾಗ ಮೊದಲು ನನಗೆ ನೆಮ್ಮದಿಯಾಯಿತು. ನೋಡು, ಇಬ್ಸೆನ್ ಆ ಹುಡುಗಿಯನ್ನು ಕೇಳಿದನೇ? ಅವಳ ಒದ್ದಾಟವನ್ನೇ ನಿಲ್ಲಿಸಿ ಅವಳನ್ನು ಉಳಿಸಲಿಲ್ಲವೇ? ನಾನೂ ಮಾಡಿದ್ದು ಅದನ್ನೇ ಅಲ್ಲವೇ? ಈ ನೆಮ್ಮದಿ ಆರು ತಿಂಗಳು ಇತ್ತು.

ಅಕ್ಟೋಬರ್‌ನಲ್ಲಿ ಅಕ್ಕ ಯಂತ್ರದಿಂದ ಬಿಡುಗಡೆಯಾದಳು. ನವೆಂಬರ್‌ನಲ್ಲಿ ಕತ್ತಿನ ನಳಿಕೆ ತೆಗೆದರು. ಗಾಯದ ಬಟ್ಟೆಯ ಮೇಲೆ ಬೆರಳೊತ್ತಿ ಮಾತಾಡಿ ಎಂದು ಹೇಳಿಕೊಟ್ಟರು. ಅವಳು ಬೆರಳೊತ್ತಿ ಮೊದಲು ಬಯ್ದದ್ದು ಆಸ್ಪತ್ರೆಯ ಕಾಫಿಯನ್ನು. ರಂಧ್ರ ತಾನಾಗಿಯೇ ಕೂಡಿಕೊಂಡಿತು. ಫೆಬ್ರವರಿ ಹೊತ್ತಿಗೆ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಿದ್ದಳು. ಒಂದು ಭಾನುವಾರ ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆವು. ಬೆರಳಿಗೆ ಶಕ್ತಿ ಬರಲೆಂದು ಅವಳಿಗೆ ಆ ಕೆಲಸ. ತಲೆ ಎತ್ತದೆ ಹೇಳಿದಳು, "ಆವತ್ತು ಡಾಕ್ಟ್ರಮ್ಮನ ಹತ್ರ 'ಅವಳಿಗೆ ಹೇಳ್ಬೇಡಿ' ಅಂದ್ಯಲ್ಲ, ಕೇಳಿಸ್ತು ಕಣೇ."

ನನ್ನ ಕೈ ನಿಂತಿತು.

"ಅದೇನು ನಂಗೆ ಹೇಳ್ಬಾರ್ದು ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಕಾಲು ಕತ್ತರಿಸ್ತಾರೇನೋ ಅಂದ್ಕೊಂಡೆ. ಆಮೇಲೆ, ದುಡ್ಡು ಮುಗ್ದಿರ್ಬೇಕು, ಮಿಷನ್ ತೆಗೆದ್ಬಿಡ್ತಾರೆ ಅಂದ್ಕೊಂಡೆ. ಬೆಳಿಗ್ಗೆ ನೀನು ಬಂದು ಕುಂಕುಮ ಇಟ್ಟೆಯಲ್ಲ, ಆವಾಗ ಗ್ಯಾರಂಟಿ ಆಯ್ತು."

ಗಟ್ಟಿಯಾಗಿ ಅಳಬೇಕೆನಿಸಿತು, ಅಳಲಿಲ್ಲ. ಹೆದರದಿರಲಿ ಎಂದು ನಾನು ಮುಚ್ಚಿಟ್ಟದ್ದು ಕತ್ತಿನ ಒಂದು ಸಣ್ಣ ರಂಧ್ರವನ್ನು. ಆ ಮುಚ್ಚಿಟ್ಟ ಜಾಗದಲ್ಲಿ ಅವಳು ತನ್ನ ಸಾವನ್ನೇ ಕಂಡಿದ್ದಳು. ಅವಳಿಗೆ ನಿದ್ದೆ ಬರಿಸುವ ಔಷಧ ಚುಚ್ಚಿದಾಗ, ಇದೇ ಕೊನೆ ಎಂದು ತಿಳಿದೇ ಕಣ್ಣು ಮುಚ್ಚಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ. "ಅಕ್ಕ, ಕೇಳಿದ್ದಿದ್ರೆ ಒಪ್ತಿದ್ಯಾ?"

"ಇಲ್ಲ. ಕತ್ತು ಕೊಯ್ಯೋದಾ? ಬೇಡವೇ ಬೇಡ ಅಂತಿದ್ದೆ."

"ಮತ್ತೆ?"

"ಬೇಡ ಅನ್ನೋಕಾದ್ರೂ ಬಿಡ್ಬೇಕಿತ್ತು" ಎಂದಳು. ಆಮೇಲೆ ಅವರೆಕಾಳಿನ ಹುಳುಕಿನ ಬಗ್ಗೆ ಮಾತು ತೆಗೆದಳು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಸ್ಟಾಫ್ ರೂಮಿನಲ್ಲಿ ಹೇಳಿದರೆ ನನ್ನ ಗೆಳತಿ, "ಜೀವ ಉಳೀತಲ್ಲ, ಇನ್ನೇನು? ಹೆದರಿದವರನ್ನು ಇನ್ನಷ್ಟು ಹೆದರಿಸೋದು ಯಾವ ಧರ್ಮ?" ಎಂದಳು. ಅವಳ ಮಾತನ್ನು ತಳ್ಳಿಹಾಕಲಾರೆ. ಆಸ್ಪತ್ರೆಯಲ್ಲಿ ತಾಯಿಯ ಮಂಚದ ಪಕ್ಕದಲ್ಲಿ ನಿಂತವರಿಗೆ ಗೊತ್ತು, ಆ ಹೊತ್ತಿನಲ್ಲಿ ಬಾಯಿಗೆ ಬರುವುದು ಸುಳ್ಳೇ. ಅಕ್ಕ ಬೇಡವೆಂದು ಕಣ್ಣು ತೆರೆದೇ ಇಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಲ್ಲ. ಬೇಡವೆಂದರೂ ಒಪ್ಪಲು ತಯಾರಿಲ್ಲದವಳು ಕೇಳುವುದು ನಾಟಕವಲ್ಲವೇ ಎಂದು ಎಷ್ಟೋ ರಾತ್ರಿ ನನ್ನೊಡನೆ ನಾನೇ ಜಗಳವಾಡಿದ್ದೇನೆ.

ಆದರೆ ಕೋಪನ್‌ಹೇಗನ್ನಿನ ಕತೆಗೂ ನನ್ನ ಕತೆಗೂ ಒಂದು ವ್ಯತ್ಯಾಸವಿದೆ, ಅದನ್ನು ನಾನು ಬೇಕೆಂದೇ ನೋಡಿರಲಿಲ್ಲ. ಇಬ್ಸೆನ್‌ಗೆ ಇದ್ದದ್ದು ನಿಮಿಷಗಳು. ನನಗೆ ಎರಡು ದಿನವಿತ್ತು. ಸೋಮವಾರ ಬೇಡವೆಂದವಳು ಅದೇ ಚಿತ್ರವನ್ನು ನೋಡಿ, ಡಾಕ್ಟರು ತಲೆಯ ಹತ್ತಿರ ನಿಂತು ಅಲೆ ಕಾಣುವವರೆಗೆ ಕೈ ಬಿಡುವುದಿಲ್ಲವೆಂದು ಕೇಳಿಸಿಕೊಂಡು, ಬುಧವಾರ ಹೂಂ ಎನ್ನಬಹುದಿತ್ತು. ಆ ಚಿತ್ರವನ್ನು ನಾನೇ ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ನನಗೆ ಧೈರ್ಯ ಕೊಟ್ಟದ್ದು ಅವಳಿಗೂ ಕೊಡಬಹುದು ಎಂದು ಹೊಳೆಯಲೇ ಇಲ್ಲ. ಕೋಪನ್‌ಹೇಗನ್ನಿನಲ್ಲಿ ಚೀಲ ಒತ್ತುತ್ತಿದ್ದ ಹುಡುಗ ಹುಡುಗಿಯರು ಆ ಮಕ್ಕಳಿಗೆ ಕತೆ ಓದಿ ಹೇಳುತ್ತಿದ್ದರಂತೆ. ನಾನಾದರೂ ಅಕ್ಕನ ಮುಖ ತಪ್ಪಿಸಿ ಎಮ್ಮೆಯ ಕರುವಿನ ವಿಷಯ ಹೇಳುತ್ತಿದ್ದೆ.

ಅವಳನ್ನು ಕೇಳದೆ ನಿರ್ಧರಿಸಿದ್ದು ಅದೇ ಮೊದಲಲ್ಲ. 1979ರಲ್ಲಿ ಅವಳಿಗೆ ಹದಿನೆಂಟು ತುಂಬಿದ ಕೂಡಲೇ ಅಪ್ಪ ಮದುವೆ ಗೊತ್ತು ಮಾಡಿದರು. ನನಗೆ ಹತ್ತು ವರ್ಷ. ನಡುಮನೆಯಲ್ಲಿ ಎಲೆ ಅಡಿಕೆ ಬದಲಾಯಿಸುವಾಗ ಅಕ್ಕ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಭಾವ ಒಳ್ಳೆಯವರೇ ಆಗಿದ್ದರು, ಅದು ಬೇರೆ ಮಾತು. ಹೆಂಗಸರ ಪರವಾಗಿ ಇನ್ನೊಬ್ಬರು ಸಹಿ ಹಾಕುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಹೆಂಗಸಾದ ನಾನೇ ಹಾಕುವಾಗ ಕೈ ನಡುಗಲಿಲ್ಲ. ಗರ್ಭಪಾತದ ಕಾನೂನು ಬಂದದ್ದು 1971ರಲ್ಲಿ. ವಯಸ್ಕ ಹೆಂಗಸಿನ ಒಪ್ಪಿಗೆ ಒಂದೇ ಸಾಕು ಎಂದು ಅದರಲ್ಲಿ ಇದೆ. ಆದರೂ "ಗಂಡನನ್ನು ಕರ್ಕೊಂಡು ಬಾಮ್ಮ" ಎಂಬ ಮಾತು ನಿಮ್ಮಲ್ಲಿ ಎಷ್ಟು ಜನ ಕೇಳಿಲ್ಲ?

2008ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪನ್ನು ಆಮೇಲೆ ಓದಿದೆ. ನಲವತ್ತನಾಲ್ಕು ವರ್ಷದ ಹೆಂಗಸೊಬ್ಬಳು ಹೊಟ್ಟೆಯ ಪರೀಕ್ಷೆಗೆಂದು ಅರಿವಳಿಕೆಯಲ್ಲಿ ಮಲಗಿದ್ದಾಗ, ಡಾಕ್ಟರು ಹೊರಗೆ ಕೂತಿದ್ದ ಅವಳ ತಾಯಿಯ ಸಹಿ ಪಡೆದು ಗರ್ಭಕೋಶವನ್ನೇ ತೆಗೆದಿದ್ದರು. ಡಾಕ್ಟರದು ಒಳ್ಳೆಯ ಉದ್ದೇಶವೇ ಎಂದು ನ್ಯಾಯಾಲಯ ಒಪ್ಪಿತು. ಆದರೂ, ಪ್ರಾಣಾಪಾಯವಿರಲಿಲ್ಲ, ಅವಳು ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು, ವಯಸ್ಸಿಗೆ ಬಂದ ಮಗಳ ಪರವಾಗಿ ತಾಯಿಯ ಒಪ್ಪಿಗೆ ಒಪ್ಪಿಗೆಯಲ್ಲ ಎಂದಿತು. ಓದಿ ಪುಸ್ತಕ ಮುಚ್ಚಿದೆ. ಆ ಹೆಂಗಸು ಎಚ್ಚರವಾಗುವವರೆಗೆ ಕಾಯಬೇಕಿತ್ತು. ನನ್ನ ಅಕ್ಕ ಎಚ್ಚರವಾಗಿಯೇ ಇದ್ದಳು.

2020ರಲ್ಲಿ ಕೊರೋನಾ ಬಂದಾಗ ವೆಂಟಿಲೇಟರ್ ಎಂಬ ಪದ ಮಕ್ಕಳ ಬಾಯಲ್ಲೂ ಬಂತು. ಆಗ ಈ ಕತ್ತಿನ ರಂಧ್ರ ಮಾಡುವಾಗ, ರೋಗಿಯ ಉಸಿರು ಕೋಣೆಯಲ್ಲಿ ಹರಡಿ ಡಾಕ್ಟರಿಗೂ ನರ್ಸುಗಳಿಗೂ ಅಂಟದಿರಲೆಂದು, ಶ್ವಾಸನಾಳ ತೆರೆಯುವ ಅಷ್ಟು ಹೊತ್ತು ಯಂತ್ರವನ್ನೇ ನಿಲ್ಲಿಸಿ ಮಾಡುತ್ತಿದ್ದರು ಎಂದು ಓದಿದೆ. ಮೊದಲೇ ತುಂಬಿಟ್ಟ ಆಮ್ಲಜನಕದ ಮೇಲೆ ಆ ಕೆಲವು ಕ್ಷಣ. ಇಬ್ಬರ ಉಸಿರನ್ನೂ ತಕ್ಕಡಿಯಲ್ಲಿ ಹಾಕಿ ತೂಗಬೇಕಾದ ಆ ಜನರ ಪಾಡು ನೆನೆದರೆ ನನ್ನ ಸಹಿಯ ಕತೆ ಸಣ್ಣದು. ಆ ದಿನಗಳಲ್ಲಿ ಅಕ್ಕ ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದಳು, "ಪುಟ್ಟೀ, ನಂಗೇನಾದ್ರೂ ಆದ್ರೆ ಪಟ ತರೋದು ಮರೀಬೇಡ."

ಏನೂ ಆಗಲಿಲ್ಲ. ಅವಳ ದನಿ ಸ್ವಲ್ಪ ಒರಟಾಗಿದೆ, ಮೇಲಿನ ಸ್ವರ ಹತ್ತುವುದಿಲ್ಲ. ಹಸೆ ಹಾಡನ್ನು ಈಗ ತಗ್ಗಿನ ಶ್ರುತಿಯಲ್ಲಿ ಹಾಡುತ್ತಾಳೆ. ಕತ್ತಿನ ಗುಳಿಯ ಮೇಲೆ ಕಾಸಿನ ಸರ ಬರುವ ಹಾಗೆ ಸೀರೆಯ ಸೆರಗು ಸರಿ ಮಾಡಿಕೊಳ್ಳುತ್ತಾಳೆ.

ಕಳೆದ ವರ್ಷ ಅವಳ ಕಣ್ಣಿನ ಪೊರೆ ತೆಗೆಸಲು ಹೋಗಿದ್ದೆವು. ಕೌಂಟರಿನ ಹುಡುಗ ಒಪ್ಪಿಗೆಯ ಕಾಗದವನ್ನು ಅಭ್ಯಾಸಬಲದಿಂದ ನನ್ನ ಕಡೆ ಸರಿಸಿದ. ನಾನು ಅದನ್ನು ಅಕ್ಕನ ಮುಂದೆ ಇಟ್ಟೆ. ಪೊರೆ ಬಂದ ಕಣ್ಣಿಗೆ ಕನ್ನಡಕ ಏರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದತೊಡಗಿದಳು. ಹಿಂದೆ ನಿಂತವರು ಗೊಣಗಿದರು. "ಅಜ್ಜೀ, ಬೇಗ" ಎಂದ ಹುಡುಗ. "ಇರಪ್ಪ, ಕಣ್ಣು ನಂದು" ಎಂದಳು. ಎರಡು ಕಡೆ ಅರ್ಥವಾಗಲಿಲ್ಲವೆಂದು ಅವನನ್ನೇ ಕೇಳಿದಳು, ಅವನು ಒಳಗಿನಿಂದ ನರ್ಸನ್ನು ಕರೆದ, ಅವರು ಬಂದು ಹೇಳಿದರು. ಕೊನೆಗೆ ತನ್ನ ಹೆಸರನ್ನು ಪೂರ್ತಿ ಬರೆದು ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ಚಾಚಿದಳು.

"ಇಲ್ಲಿ ಸಾಕ್ಷಿ ಅಂತ ಇದೆ ನೋಡು. ನೀನು ಹಾಕು."